ನಿಲ್ಲಲು ಬಲ್ಲ ಪೆಟ್ಟಿಗೆ

ಕಳೆದ ವಾರ ಹೆಲ್ಮೆಟ್ಟಿನೊಳಗೆ ಕೂರಿಸುವ ಸ್ಪೀಕರುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಮಾತು ತಪ್ಪುತ್ತಿದ್ದೇನೆ. ತಪ್ಪಿಸಿದ್ದು ಗೌರಸಮುದ್ರದ ದಾರಿ.

ಭಾದ್ರಪದದ ಮಾರಮ್ಮನ ಜಾತ್ರೆಗೆಂದು ಚಳ್ಳಕೆರೆಯಿಂದ ಯೆಜ್ಡಿ ಹತ್ತಿ ಹೊರಟವನು ತಳಕಿನಲ್ಲಿ ಟೀಗೆ ನಿಂತೆ. ಎಡಗಿವಿಯಲ್ಲಿ ಕಾಡುಗೊಲ್ಲರ ಜುಂಜಪ್ಪನ ಕಥೆ ಒಳ್ಳೇ ಘಟ್ಟಕ್ಕೆ ಬಂದಿತ್ತು. ಜೇಬಿನಲ್ಲಿದ್ದ ಪ್ಲೇಯರ್ ಆಫ್ ಮಾಡಿದೆ, ಟೀ ಕುಡಿದೆ, ಆನ್ ಮಾಡಿ ಕಿಕ್ಕರ್ ಒದ್ದೆ. ಕಿವಿಯಲ್ಲಿ ಗಣಪತಿ ಸ್ತುತಿ! ಕಾರ್ಡಿನ ಮೊದಲನೇ ಹಾಡು ಅದು. ಈ ಡಬ್ಬಿಯನ್ನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡು ಎಂಟು ತಿಂಗಳಾಯಿತು. ಒಳಗೆ ಸಾವಿರದ ಚಿಲ್ಲರೆ ಹಾಡುಗಳಿವೆ. ನಾನು ಕೇಳಿರುವುದು ಮೊದಲ ಮೂವತ್ತು. ಆಫ್ ಮಾಡಿದಾಗಲೆಲ್ಲ ಅದು ಎಲ್ಲವನ್ನೂ ಮರೆತು ಮತ್ತೆ ಗಣಪತಿಯಿಂದಲೇ ಶುರು ಮಾಡುತ್ತದೆ. ಈ ಎಂಟು ತಿಂಗಳಲ್ಲಿ ನನ್ನಷ್ಟು ಸಲ ವಿಘ್ನೇಶ್ವರನನ್ನು ನೆನೆದ ಅರ್ಚಕರೂ ಇರಲಿಕ್ಕಿಲ್ಲ. ವಿಘ್ನ ಮಾತ್ರ ತಪ್ಪಿಲ್ಲ.

ಆದ್ದರಿಂದ ಈ ವಾರ ಸ್ಪೀಕರು ಬೇಡ, ಪ್ಲೇಯರೇ ಇರಲಿ. ಬೈಕಿನವನಿಗೆ ಎಂಥ ಪ್ಲೇಯರ್ ಬೇಕು ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹಾಡುವುದನ್ನು ಎಲ್ಲ ಪ್ಲೇಯರುಗಳೂ ಮಾಡುತ್ತವೆ. ಸರಿಯಾಗಿ ನಿಲ್ಲಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಇಷ್ಟೇ ನನ್ನ ಉತ್ತರ. ಮುಂದಿನದೆಲ್ಲ ಇದರ ಟೀಕೆ ಟಿಪ್ಪಣಿ.

ಖಾಯಂ ಓದುಗರಿಗೆ ಗೊತ್ತು, ನಾನು ಎಡಗಿವಿಯ ಪಂಥದವನು. ನಮ್ಮ ದೇಶದಲ್ಲಿ ಹಿಂದಿನ ಗಾಡಿ ಬಲಗಡೆಯಿಂದ ಮುಂದೆ ಬರುತ್ತದೆ. ಹಾಗಾಗಿ ಬಲಗಿವಿ ರಸ್ತೆಯದು, ಎಡಗಿವಿ ಮಾತ್ರ ನಮ್ಮದು. ಪೇಟೆ ಬಂದರೆ ಅದನ್ನೂ ಖಾಲಿ ಮಾಡಬೇಕು. ಒಂದೇ ಕಿವಿಯಲ್ಲಿ ಕೇಳುವವನಿಗೆ ಸ್ಟೀರಿಯೋ ಹಾಡು ಅರ್ಧ ಮಾತ್ರ ಸಿಗುತ್ತದೆ, ಪಿಟೀಲು ಆ ಕಿವಿಗೆ ಹೋದರೆ ಈ ಕಿವಿಗೆ ಕೊಳಲೊಂದೇ ಉಳಿಯುತ್ತದೆ. ಎರಡನ್ನೂ ಬೆರೆಸಿ ಕೊಡುವ ಮೋನೊ ಸೌಲಭ್ಯ ಪ್ಲೇಯರಿನಲ್ಲಿರಲಿ. ಇಲ್ಲವೇ ನನ್ನ ಹಾಗೆ ಪಿ.ಬಿ. ಶ್ರೀನಿವಾಸರ ಕಾಲದಲ್ಲೇ ಉಳಿದುಬಿಡಿ. ಆ ಹಾಡುಗಳಲ್ಲಿ ಬಹುಪಾಲು ಹುಟ್ಟಿನಿಂದಲೇ ಮೋನೊ.

ಫೋನು ಇದೆಯಲ್ಲ, ಬೇರೆ ಪ್ಲೇಯರ್ ಯಾಕೆ ಎನ್ನುವವರಿದ್ದಾರೆ. ಫೋನಿಗೆ ಗುಂಡಿಗಳಿಲ್ಲ, ಗಾಜಿದೆ. ಗಾಜಿನ ಮೇಲೆ ಹಾಡು ಹುಡುಕಲು ಕಣ್ಣು ಬೇಕು, ಕಣ್ಣನ್ನೋ ಆಗಲೇ ರಸ್ತೆಗೆ ಕೊಟ್ಟಾಗಿದೆ. ಕೈಯಲ್ಲಿ ಫೋನು ಹಿಡಿದು ಗಾಡಿ ಓಡಿಸುವುದನ್ನು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಲೆಕ್ಕಕ್ಕೇ ಸೇರಿಸಿದೆ. ಹ್ಯಾಂಡಲ್ಲಿಗೆ ಸ್ಟ್ಯಾಂಡ್ ಹಾಕಿ ಕೂರಿಸುತ್ತೇನೆ ಎಂದರೆ ಇನ್ನೊಂದು ತೊಡಕು. ದೊಡ್ಡ ಎಂಜಿನ್ನಿನ ಬೈಕುಗಳ ಅದುರಾಟದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಚಿತ್ರ ಅಲುಗದಂತೆ ಮಸೂರವನ್ನು ಹಿಡಿದಿಡುವ ಸೂಕ್ಷ್ಮ ಏರ್ಪಾಡು ಅದರೊಳಗಿದೆ. ನನ್ನ ಯೆಜ್ಡಿ ಎಂಥ ಏರ್ಪಾಡನ್ನೂ ಸಡಿಲಿಸಬಲ್ಲದು. ಅದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಅದುರಾಟಕ್ಕೆ ಯಾರೂ ಬಾಗಿಲು ಹಾಕಿಲ್ಲ.

ಅದುರಾಟದ ಮಾತು ಬಂದಾಗ ಹಳೆಯ ಡಬ್ಬಿಗಳೆಲ್ಲ ನೆನಪಾಗುತ್ತವೆ. ಸಿ.ಡಿ. ಪ್ಲೇಯರನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟರೆ ಪ್ರತಿ ಹಂಪಿಗೂ ಗಾಯಕ ತೊದಲುತ್ತಿದ್ದ. 2001ರ ಮೊದಲ ಐಪಾಡಿನಲ್ಲಿ ಇದ್ದದ್ದು 5 ಜಿಬಿಯ ತಿರುಗುವ ಡಿಸ್ಕು. ಸುಮಾರು 20 ನಿಮಿಷದ ಹಾಡನ್ನು ಮೊದಲೇ ನುಂಗಿಟ್ಟುಕೊಂಡು ಅದು ಕುಲುಕಾಟವನ್ನು ಜೀರ್ಣಿಸಿಕೊಳ್ಳುತ್ತಿತ್ತು, ಆದರೂ ತಿರುಗುವ ಚಕ್ರ ತಿರುಗುವ ಚಕ್ರವೇ. ಈಗಿನ ಚಿಪ್ಪುಗಳಲ್ಲಿ ತಿರುಗುವಂಥದು ಏನೂ ಇಲ್ಲ. ಕಲ್ಲಿನ ದಾರಿಯಲ್ಲಿ ಸವಾರನ ಹಲ್ಲು ಕಟಕಟ ಅಂದರೂ ಹಾಡು ಕದಲುವುದಿಲ್ಲ. ಅಷ್ಟರ ಮಟ್ಟಿಗೆ ಕಾಲಕ್ಕೆ ನಮಸ್ಕಾರ.

ಇನ್ನು ಫ್ಲ್ಯಾಕ್ ಪಂಥದವರ ಲೆಕ್ಕ ಚುಕ್ತಾ ಮಾಡಬೇಕು. ಎಂಪಿತ್ರೀ ಎಂದರೆ ಹಿಂಡಿದ ಕಬ್ಬು, ಒಂದು ಹನಿಯೂ ಸೋರದ ಫ್ಲ್ಯಾಕ್ ಕಡತವೇ ನಿಜವಾದ ಸಂಗೀತ ಎಂದು ಇವರು ನನಗೆ ಬುದ್ಧಿ ಹೇಳುತ್ತಾ ಬಂದಿದ್ದಾರೆ. ಸೋಫಾದ ಮೇಲೆ ಕೂತವನಿಗೆ ಅದು ಸರಿ ಇರಬಹುದು. ಹೆದ್ದಾರಿಯ ವೇಗದಲ್ಲಿ ಓಡುವವನ ಹೆಲ್ಮೆಟ್ಟಿನೊಳಗೆ ಗಾಳಿಯ ಗದ್ದಲವೇ 90 ಡೆಸಿಬೆಲ್ ದಾಟುತ್ತದೆ. ಆ ಗದ್ದಲದಲ್ಲಿ ತಂಬೂರಿಯ ಸೂಕ್ಷ್ಮ ಹುಡುಕುವುದು ಎಣ್ಣೆ ಗಾಣದ ಪಕ್ಕ ಕೂತು ಗುಟ್ಟು ಹೇಳಿದ ಹಾಗೆ. 128 ಕೆಬಿಪಿಎಸ್‌ನ ಎಂಪಿತ್ರೀ ನಿಮಿಷಕ್ಕೆ ಸುಮಾರು ಒಂದು ಎಂಬಿ. ಅಂದರೆ 32 ಜಿಬಿಯ ಕಾರ್ಡಿನಲ್ಲಿ ಐನೂರು ಗಂಟೆಗೂ ಮೀರಿ ಹಾಡು ಹಿಡಿಸುತ್ತದೆ. ಚಳ್ಳಕೆರೆ ಮೊಳಕಾಲ್ಮುರು ನಡುವೆ ದಿನಾ ಓಡಾಡುವ ಮೇಷ್ಟರಿಗೂ ಒಂದು ವರ್ಷದಲ್ಲಿ ಮುಗಿಯದಷ್ಟು.

ಗದ್ದಲವನ್ನು ಮೀರಲು ಹಾಡನ್ನು ಏರಿಸುತ್ತಾ ಹೋಗುವವರಿಗೆ ಒಂದು ಮಾತು. 85 ಡೆಸಿಬೆಲ್ಲಿನ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ಕಾರ್ಖಾನೆ ಕೆಲಸಗಾರರಿಗಾಗಿ ಬಲ್ಲವರು ಹಾಕಿದ ಗೆರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೂ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಬೈಕಿನ ಮೇಲೆ ಹಾಡಿನ ಮಾತು ತಿಳಿದರೆ ಸಾಕು, ತಾಳ ಎದೆ ಗುದ್ದಬೇಕಾಗಿಲ್ಲ. ಗಾಳಿ ಮೊದಲು ತಿನ್ನುವುದು ತಗ್ಗಿನ ನಾದವನ್ನು, ಮನುಷ್ಯನ ದನಿಯನ್ನು ಅಷ್ಟು ಸುಲಭವಾಗಿ ತಿನ್ನಲಾರದು. ಆದ್ದರಿಂದ ದಾರಿಗೆ ದನಿಯೇ ಲೇಸು. ಹರಿಕಥೆ, ತತ್ವಪದ, ನಾಟಕ, ಕಥನಕಾವ್ಯ ಯಾವುದಾದರೂ ಸರಿ.

ಅಲ್ಲಿಗೆ ಮತ್ತೆ ಜುಂಜಪ್ಪನ ಹತ್ತಿರ ಬಂದೆವು. ಕಾಡುಗೊಲ್ಲರ ಕಥನಗಳು ಮೂರು ನಿಮಿಷದ ಸಿನಿಮಾ ಹಾಡುಗಳಲ್ಲ, ರಾತ್ರಿಯಿಡೀ ನಡೆಯುವಂಥವು. ಷಫಲ್ ಎಂಬ ಗುಂಡಿ ಒತ್ತಿದರೆ ಜುಂಜಪ್ಪ ಹುಟ್ಟುವ ಮೊದಲೇ ಗಣೆ ಊದಲು ಶುರು ಮಾಡುತ್ತಾನೆ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವಳಲ್ಲ, ಆದರೂ ಸಾವಿರಾರು ಪದ ಬಲ್ಲವಳಾಗಿದ್ದಳು. ಕೃಷ್ಣಮೂರ್ತಿ ಹನೂರರ ‘ಸಾವಿರದ ಸಿರಿಬೆಳಗು’ ಅವಳಿಂದ ಬಂದದ್ದು. ಪದ ಹೇಳುವವರು ನಡುವೆ ಎದ್ದು ಎಲೆಯಡಿಕೆ ಹಾಕಿಕೊಂಡು ಬಂದರೂ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಗಣಪತಿಯಿಂದ ಮತ್ತೆ ಶುರು ಮಾಡಿದರೆ ಹಟ್ಟಿಯ ಮಂದಿ ಎದ್ದು ಹೋಗುತ್ತಾರೆ.

ಕ್ಯಾಸೆಟ್ಟಿಗೂ ಈ ಗುಣವಿತ್ತು. ಬುದ್ಧಿ ಎಂಬುದು ಇಲ್ಲದ ವಸ್ತು ಅದು, ಆದರೆ ನಿಲ್ಲಿಸಿದ ಕಡೆಯೇ ಟೇಪು ನಿಲ್ಲುತ್ತಿತ್ತು. ವಾರ ಬಿಟ್ಟು ಹಾಕಿದರೂ ಅರ್ಧಕ್ಕೆ ನಿಂತ ಸಾಲಿನ ಉಳಿದರ್ಧ ಕೇಳಿಸುತ್ತಿತ್ತು. ಅದಕ್ಕಾಗಿ ಯಾರೂ ತಂತ್ರಾಂಶ ಬರೆದಿರಲಿಲ್ಲ. ಇವತ್ತು ಅದೇ ಗುಣಕ್ಕೆ ‘ರೆಸ್ಯೂಮ್’ ಎಂಬ ಹೆಸರಿದೆ, ಮತ್ತು ಅಗ್ಗದ ಡಬ್ಬಿಗಳಲ್ಲಿ ಅದು ಇರುವುದಿಲ್ಲ.

ತಳಕಿನಲ್ಲಿ ಟೀ ಕುಡಿಯುತ್ತಾ ತ.ರಾ.ಸು. ಅವರನ್ನು ನೆನೆಯದೆ ಇರುವುದು ಹೇಗೆ? ಅವರ ಹೆಸರಿನ ಮೊದಲ ಅಕ್ಷರವೇ ಈ ಊರು. ನನ್ನ ಕಪಾಟಿನಲ್ಲಿ ಹೊಲಿಗೆ ಬಿಚ್ಚಿ ಹೋಗಿರುವ ಪುಸ್ತಕ ಒಂದೇ, ಅವರ ‘ಹಂಸಗೀತೆ’. ಅವರದೇ ದೊಡ್ಡ ಕಾದಂಬರಿ ‘ದುರ್ಗಾಸ್ತಮಾನ’ ಓದಿದವರು ಇದನ್ನು ಚಿಕ್ಕ ಪುಸ್ತಕ ಎಂದುಕೊಳ್ಳುತ್ತಾರೆ. ಸಂಗೀತ ಕೇಳುವವರಿಗೆ ಇದೇ ದೊಡ್ಡದು. ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಒಂದು ರಾಗದ ಹೆಸರು ಮನೆತನದ ಹೆಸರಿನಂತೆ ಮೈಗೆ ಅಂಟುವಷ್ಟು ಹಾಡಿದವನು, ದೊರೆಯ ಬಲವಂತಕ್ಕೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇದನ್ನಿಟ್ಟುಕೊಂಡು 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಬಂತು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಚಿತ್ರ ಮಾಡಿದರು. ಅನಂತನಾಗ್ ಅಭಿನಯಿಸಿದರು, ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂತು. ಪ್ರತಿ ಸಲ ಓದುವಾಗಲೂ ನಾನು ಆ ಕೊನೆಯ ಹತ್ತಿರ ಬಂದು ಪುಸ್ತಕ ಮಡಚಿಡುತ್ತೇನೆ. ಎಷ್ಟೋ ಪುಟ ಹಾಡಿನಲ್ಲಿ ಮುಳುಗಿಸಿದ ಕಾದಂಬರಿಕಾರರು ಕೊನೆಗೆ ನಮ್ಮ ಕೈಗೆ ಕೊಡುವುದು ಮೌನವನ್ನು. ಹಾಡುವವನಿಗೆ ಎಲ್ಲಿ ಹಾಡಬಾರದು ಎಂಬುದೂ ತಿಳಿದಿರಬೇಕು ಎನ್ನುವುದನ್ನು ನಾನು ಕಲಿತದ್ದು ಅಲ್ಲಿಂದ. ಕೇಳುವವನಿಗೂ ಅದು ತಿಳಿದಿರಬೇಕು ಎಂದು ಕಲಿತದ್ದು ಗೌರಸಮುದ್ರದಲ್ಲಿ.

ಹೆದ್ದಾರಿ ಬಿಟ್ಟು ಒಳದಾರಿ ಹಿಡಿದೆ. ಕಂದಾಯಕ್ಕೆ ಚಳ್ಳಕೆರೆ ತಾಲ್ಲೂಕಿಗೂ ಓಟಿಗೆ ಮೊಳಕಾಲ್ಮುರು ಕ್ಷೇತ್ರಕ್ಕೂ ಸೇರಿದ ಊರು ಗೌರಸಮುದ್ರ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ, ದೂಳಿಗೆ ಬರವಿಲ್ಲ. ಎತ್ತಿನಗಾಡಿ, ಟ್ರ್ಯಾಕ್ಟರು, ಟಿವಿಎಸ್ ಎಕ್ಸೆಲ್ಲು ಎಲ್ಲವೂ ಒಂದೇ ದಿಕ್ಕಿಗೆ. ಟ್ರ್ಯಾಕ್ಟರಿನಲ್ಲಿ ಆಳೆತ್ತರದ ಸ್ಪೀಕರು ಡಬ್ಬಗಳು, ಎಕ್ಸೆಲ್ಲಿನ ಹ್ಯಾಂಡಲ್ಲಿಗೆ ನೇತುಬಿದ್ದ ಬ್ಲೂಟೂತು ಸ್ಪೀಕರು. ಒಂದೊಂದು ಗಾಡಿಗೂ ಒಂದೊಂದು ಹಾಡು. ಬ್ಲೂಟೂತು ನೇತುಹಾಕಿಕೊಂಡ ಹುಡುಗನೊಬ್ಬ ನನ್ನ ಕಿವಿಯ ವೈರು ನೋಡಿ, “ಅಣ್ಣಾ, ಒಬ್ಬನೇ ಕೇಳಿದ್ರೆ ಏನು ಮಜಾ?” ಎಂದ. “ನೀನು ಊರಿಗೆಲ್ಲ ಕೇಳಿಸ್ತಿದ್ದೀಯಲ್ಲ ತಮ್ಮಾ, ನನಗೆ ಈ ಕಿವಿಲಿ ಅದೇ ಕೇಳಿಸ್ತಿದೆ” ಎಂದೆ. ನಕ್ಕು ಇನ್ನೂ ಜೋರು ಮಾಡಿದ.

ಅಮ್ಮ ಬಂದು ನೆಲೆಗೊಳ್ಳುವ ತುಮ್ಮಲಿನ ಬಯಲು ಕಾಣುವ ಹೊತ್ತಿಗೆ ಉರುಮೆ ಕೇಳಿಸಿತು. ಕೇಳದವರಿಗೆ ಹೇಳುತ್ತೇನೆ: ಉರುಮೆ ಬಡಿಯುವ ವಾದ್ಯ ಮಾತ್ರವಲ್ಲ, ಉಜ್ಜುವ ವಾದ್ಯ. ಒಂದು ಮುಖವನ್ನು ಕೋಲಿನಿಂದ ಬಡಿದರೆ ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ತೀಡುತ್ತಾರೆ. ಆಗ ಹೊರಡುವ ಊಂಕಾರ ನೆಲದೊಳಗಿನಿಂದ ಬಂದಂತಿರುತ್ತದೆ. ಯಾವ ಪ್ಲೇಯರಿನಲ್ಲೂ ನಾನು ಅದನ್ನು ಸರಿಯಾಗಿ ಕೇಳಿಲ್ಲ. ಕಿವಿಯೊಳಗೆ ಕೂರುವ ಗುಬುಟಿಗೆ ಆ ಊಂಕಾರ ದಕ್ಕುವುದಿಲ್ಲ, ದಕ್ಕಿದ ಚೂರನ್ನೂ ಗಾಳಿ ತಿನ್ನುತ್ತದೆ. ಬೇವಿನ ಸೊಪ್ಪು ಉಟ್ಟವರು, ಹರಕೆಯ ಈರುಳ್ಳಿ ತೂರುವವರು, ಕೋಳಿ ತೂರುವವರು, ಎಲ್ಲರ ತಲೆಯ ಮೇಲೆ ಆ ಸದ್ದು. ಆ ಕ್ಷಣ ನನ್ನ ಕಿವಿಯಲ್ಲಿ ಇನ್ನೂ ಮೊದಲ ಮೂವತ್ತರ ಯಾವುದೋ ಹಾಡು. ನಿಲ್ಲಿಸಲು ಹೆಬ್ಬೆರಳು ಹುಡುಕಿತು. ನುಣ್ಣನೆಯ ಡಬ್ಬಿ, ಎಲ್ಲ ಗುಂಡಿಗಳೂ ಒಂದೇ ಆಕಾರ. ಒತ್ತಿದ್ದು ತಪ್ಪಿ ಸದ್ದು ಜೋರಾಯಿತು. ಗಾಡಿ ನಿಲ್ಲಿಸಿ ವೈರು ಕಿತ್ತೆ.

ಆಗ ನೆನಪಾದದ್ದು ಸೋನಿಯ ಮೊಟ್ಟಮೊದಲ ವಾಕ್‌ಮನ್. 1979ರ ಜುಲೈ ಒಂದರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ನೀಲಿ ಡಬ್ಬಿಯ ಮೇಲೊಂದು ಕಿತ್ತಳೆ ಬಣ್ಣದ ಗುಂಡಿಯಿತ್ತು. ಒತ್ತಿ ಹಿಡಿದರೆ ಹಾಡು ತಗ್ಗುತ್ತಿತ್ತು, ಒಂದು ಪುಟ್ಟ ಮೈಕು ಹೊರಗಿನ ಮಾತನ್ನು ಕಿವಿಗೆ ತಂದು ಕೊಡುತ್ತಿತ್ತು. ಒಂದೇ ಡಬ್ಬಿಯಿಂದ ಇಬ್ಬರು ಕೇಳುವಾಗ ನಡುವೆ ಮಾತಾಡಲಿ ಎಂದು ಇಟ್ಟದ್ದು. ಆಮೇಲಿನ ಮಾದರಿಗಳಲ್ಲಿ ಅದನ್ನು ಕೈಬಿಟ್ಟರು. ಈಗ ದುಬಾರಿ ಇಯರ್‌ಫೋನುಗಳು ಹೊರಗಿನ ಸದ್ದು ಒಳಬಿಡುತ್ತೇವೆ ಎಂದು ಜಾಹೀರಾತು ಹಾಕುವಾಗ ನನಗೆ ಆ ಗುಂಡಿಯೇ ಕಾಣುತ್ತದೆ. ಬೈಕಿನವನಿಗೆ ಬೇಕಾದದ್ದು ಮೊದಲ ಡಬ್ಬಿಯಲ್ಲೇ ಇತ್ತು.

ಕೊಳ್ಳುವವರಿಗೆ ನನ್ನ ತೀರ್ಪು ಇಷ್ಟು. ಅಂಗಡಿಯಲ್ಲಿ ಕಣ್ಣು ಮುಚ್ಚಿ ಪ್ಲೇಯರನ್ನು ಕೈಗೆ ತೆಗೆದುಕೊಳ್ಳಿ. ನಿಲ್ಲಿಸುವ ಗುಂಡಿ ಹೆಬ್ಬೆರಳಿಗೆ ತಾನಾಗಿ ಸಿಗಬೇಕು, ಗ್ಲೌಸು ಹಾಕಿಕೊಂಡು ಇನ್ನೊಮ್ಮೆ ನೋಡಿ. ಅಂಗಿಗೆ ಸಿಕ್ಕಿಸುವ ಕ್ಲಿಪ್ಪಿದ್ದರೆ ಇನ್ನೂ ಒಳ್ಳೆಯದು. ಟ್ಯಾಂಕಿನ ಮೇಲಿನ ಬಿಸಿಲಿಗೆ ಬ್ಯಾಟರಿ ಸೊರಗುತ್ತದೆ, ಆದ್ದರಿಂದ ಅಂಗಿಯ ಒಳಜೇಬೇ ಅದರ ಜಾಗ. ಕೊನೆಯದಾಗಿ, ಹತ್ತನೇ ಹಾಡಿನ ನಡುವೆ ಪೂರ್ತಿ ಆಫ್ ಮಾಡಿ, ನೂರು ಎಣಿಸಿ, ಮತ್ತೆ ಆನ್ ಮಾಡಿ. ಹತ್ತನೇ ಹಾಡಿನ ನಡುವಿನಿಂದಲೇ ಶುರುವಾದರೆ ದುಡ್ಡು ಕೊಡಿ. ಗಣಪತಿ ಸ್ತುತಿ ಬಂದರೆ ಕೈಮುಗಿದು ಹೊರಬನ್ನಿ.

ಹೆಲ್ಮೆಟ್ ಸ್ಪೀಕರು ಮುಂದಿನ ವಾರ.