ನಕ್ಷತ್ರಗಳ ನಡುವಿನ ಮಹಾಕಾಯರು

ಬಾಹ್ಯಾಕಾಶದಲ್ಲಿ ಬದುಕುವ ದೈತ್ಯ ಜೀವಿ ವಿಜ್ಞಾನ ಕಥೆಗಳ ಹಳೆಯ ಪಾತ್ರ. ನೆಲ, ನೀರು, ಗಾಳಿ ಯಾವುದರ ಹಂಗೂ ಇಲ್ಲದೆ ನಿರ್ವಾತದಲ್ಲೇ ಹುಟ್ಟಿ, ಅಲ್ಲೇ ಮೇದು, ಅಲ್ಲೇ ಅಲೆಯುವ ಪ್ರಾಣಿ ಅದು. ಇದರ ಪೂರ್ವಜರು ಪುರಾಣಗಳಲ್ಲಿದ್ದಾರೆ. ಗ್ರಹಣದ ಹೊತ್ತಿನಲ್ಲಿ ಸೂರ್ಯಚಂದ್ರರನ್ನು ನುಂಗುವ ರಾಹು ಎಲ್ಲರಿಗೂ ಗೊತ್ತು. ಅಷ್ಟು ಹೆಸರಾಗದ, ಆದರೆ ಕಲ್ಪನೆಯ ದೃಷ್ಟಿಯಿಂದ ರಾಹುವನ್ನೂ ಮೀರಿಸುವ ಜೀವಿಯೊಂದು ಭಾಗವತದ ಐದನೆಯ ಸ್ಕಂಧದಲ್ಲಿದೆ. ಅದು ಶಿಂಶುಮಾರ. ತಲೆ ಕೆಳಗಾಗಿ, ಸುರುಳಿ ಸುತ್ತಿಕೊಂಡ ಜಲಚರದ ಆಕಾರ. ಬಾಲದ ತುದಿಯಲ್ಲಿ ಧ್ರುವ, ಸೊಂಟದಲ್ಲಿ ಸಪ್ತರ್ಷಿಗಳು, ಮೈತುಂಬ ನಕ್ಷತ್ರಗಳು. ರಾಹು ಆಕಾಶಕ್ಕೆ ಏರಿದ ಅಸುರ. ಶಿಂಶುಮಾರ ಆಕಾಶದಿಂದಲೇ ಆದ ಪ್ರಾಣಿ. ಇಪ್ಪತ್ತನೆಯ ಶತಮಾನದ ಕಥೆಗಳಲ್ಲೂ ಈ ಎರಡು ಜಾತಿಗಳಿವೆ. ಭೂಮಿಯ ಪ್ರಾಣಿಯನ್ನು ಹಿಗ್ಗಿಸಿ ಮೇಲಕ್ಕೆ ಒಯ್ದ ಲೇಖಕರು ಬಹಳ. ಅಲ್ಲಿನ ಸಾಮಗ್ರಿಯಿಂದಲೇ ಪ್ರಾಣಿಯನ್ನು ಕಟ್ಟಿದವರು ಕೆಲವರೇ, ಮತ್ತೆ ಮತ್ತೆ ಓದಿಸಿಕೊಳ್ಳುವ ಕೃತಿಗಳು ಇವರವು.

ಮೊದಲ ಜಾತಿಗೆ ಉದಾಹರಣೆಗಳು ತೆರೆಯ ಮೇಲೆ ಧಾರಾಳವಾಗಿ ಸಿಗುತ್ತವೆ. 'ಸ್ಟಾರ್ ಟ್ರೆಕ್' ಧಾರಾವಾಹಿಯ 1968ರ ಒಂದು ಕಂತಿನಲ್ಲಿ ಸುಮಾರು 18,000 ಕಿಲೋಮೀಟರ್ ಉದ್ದದ ಅಮೀಬಾ ಬರುತ್ತದೆ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ಗುಹೆಯೆಂದು ನಂಬಿ ನೌಕೆ ಅಡಗಿಕೊಂಡ ಜಾಗ ಕ್ಷುದ್ರಗ್ರಹದೊಳಗೆ ವಾಸಿಸುವ ಹುಳುವಿನ ಬಾಯಿಯಾಗಿರುತ್ತದೆ. 'ಡಾಕ್ಟರ್ ಹೂ' ಸರಣಿಯ 2010ರ ಕಂತೊಂದರಲ್ಲಿ ಬ್ರಿಟನ್ನಿನ ಜನರನ್ನು ನಕ್ಷತ್ರ ತಿಮಿಂಗಿಲವೊಂದು ಬೆನ್ನ ಮೇಲೆ ಹೊತ್ತು ಸಾಗುತ್ತದೆ. ಮಕ್ಕಳ ಅಳು ಕೇಳಿ ತಾನಾಗಿಯೇ ಬಂದ ಆ ಪ್ರಾಣಿಯನ್ನು ಜನ ಸೆರೆಹಿಡಿದು ಹಿಂಸಿಸಿರುತ್ತಾರೆ. ಕರುಣೆಯ ಕಥೆಯಾಗಿ ಇದು ನಿಜಕ್ಕೂ ದೊಡ್ಡದು. ಆದರೆ ಅಲ್ಲಿರುವ ಜೀವಿ ಕಡಲಿನದೇ.

ತಿಮಿಂಗಿಲಕ್ಕೆ ಆ ಮೈಕಟ್ಟನ್ನು ಕೊಟ್ಟದ್ದು ನೀರು. ಗಾತ್ರ ಹೆಚ್ಚಿದಂತೆ ತೂಕ ಮೂಳೆಗಳ ಬಲವನ್ನು ಮೀರಿ ಬೆಳೆಯುತ್ತದೆ ಎಂಬುದನ್ನು ಗೆಲಿಲಿಯೊ 1638ರಲ್ಲೇ ವಿವರಿಸಿದ್ದ. ನೀಲಿ ತಿಮಿಂಗಿಲ 30 ಮೀಟರಿನಷ್ಟು ಬೆಳೆಯಬಲ್ಲದು, ಏಕೆಂದರೆ ಅದರ ಭಾರವನ್ನು ನೀರು ಹೊರುತ್ತದೆ. ನಿರ್ವಾತದಲ್ಲಿ ತೇಲುವ ಜೀವಿಗೆ ತೂಕದ ಈ ಕಟ್ಟು ಸಡಿಲವಾಗುತ್ತದೆ. ಬದಲಿಗೆ ಬೇರೆ ಕಟ್ಟುಗಳು ಬಿಗಿಯಾಗುತ್ತವೆ. ಬಾಲ ಬಡಿದರೆ ಹಿಂದಕ್ಕೆ ತಳ್ಳಲು ಅಲ್ಲಿ ಏನೂ ಇಲ್ಲ. ಮುಂದೆ ಸಾಗಬೇಕಾದರೆ ತನ್ನ ಮೈಯಿಂದಲೇ ಏನನ್ನಾದರೂ ಹಿಂದಕ್ಕೆ ಉಗುಳಬೇಕು, ಇಲ್ಲವೇ ಬೆಳಕಿನ ಒತ್ತಡಕ್ಕೆ ಮೈಯೊಡ್ಡಬೇಕು. ಆಹಾರವೆಂದರೆ ಮುಖ್ಯವಾಗಿ ಬಿಸಿಲು. ಭೂಮಿಯ ದೂರದಲ್ಲಿ ಚದರ ಮೀಟರಿಗೆ ಸುಮಾರು 1,361 ವಾಟ್ ಸಿಗುವ ಬಿಸಿಲು ಶನಿಯ ಹತ್ತಿರ ಅದರ ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಕ್ಷತ್ರಗಳ ನಡುವೆ ಬಹುತೇಕ ಉಪವಾಸವೇ. ಇನ್ನೊಂದು ಕಟ್ಟು ಯೋಚನೆಯದು. ಭೂಮಿಗೂ ಸೂರ್ಯನಿಗೂ ಇರುವಷ್ಟು ಅಗಲದ ಮೈಯಲ್ಲಿ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಬೆಳಕಿನ ವೇಗದಲ್ಲಿ ಹೋದರೂ ಎಂಟು ನಿಮಿಷ ಮೀರುತ್ತದೆ. ನಿರ್ವಾತವನ್ನು ತಾಳಿಕೊಂಡು ಬದುಕಿ ಬಂದ ಭೂಮಿಯ ಪ್ರಾಣಿಯೂ ಒಂದಿದೆ. 2007ರ ಪ್ರಯೋಗದಲ್ಲಿ ಭೂಕಕ್ಷೆಯಲ್ಲಿ ಹತ್ತು ದಿನ ತೆರೆದಿಟ್ಟಿದ್ದ ನೀರುಕರಡಿಗಳಲ್ಲಿ ಕೆಲವು ಉಳಿದುಕೊಂಡವು. ಒಂದು ಮಿಲಿಮೀಟರನ್ನೂ ಮುಟ್ಟದ ಆ ಜೀವಿಗಳು ಅಲ್ಲಿ ಒಣಗಿ ನಿಶ್ಚೇಷ್ಟವಾಗಿದ್ದವು. ತಾಳಿಕೊಳ್ಳುವುದು ಬೇರೆ, ಬಾಳುವುದು ಬೇರೆ.

ಈ ಎಲ್ಲ ಕಟ್ಟುಗಳಿಗೂ ಉತ್ತರ ಕೊಡುತ್ತಲೇ ಕಥೆ ಹೇಳಿದ ಕೃತಿ ಫ್ರೆಡ್ ಹಾಯ್ಲ್ 1957ರಲ್ಲಿ ಪ್ರಕಟಿಸಿದ 'ದಿ ಬ್ಲ್ಯಾಕ್ ಕ್ಲೌಡ್'. ಹಾಯ್ಲ್ ಕೇಂಬ್ರಿಜ್‌ನ ಖಗೋಳವಿಜ್ಞಾನಿ; ನಕ್ಷತ್ರಗಳ ಗರ್ಭದಲ್ಲಿ ಧಾತುಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ವಿವರಿಸಿದ ಹೆಸರಾಂತ ಪ್ರಬಂಧವನ್ನು ಆತ ಸಂಗಡಿಗರೊಂದಿಗೆ ಪ್ರಕಟಿಸಿದ್ದೂ ಅದೇ ವರ್ಷ. ಕಾದಂಬರಿಯಲ್ಲಿ ಕಪ್ಪು ಅನಿಲಮೇಘವೊಂದು ಸೌರಮಂಡಲದತ್ತ ಬರುತ್ತಿರುವುದು ಕಾಣುತ್ತದೆ. ಅದರ ಅಗಲ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವ ಅಂತರದಷ್ಟು. ದ್ರವ್ಯರಾಶಿ ಗುರುಗ್ರಹದ ಆಸುಪಾಸು. ಇಷ್ಟು ಅಗಲಕ್ಕೆ ಅಷ್ಟು ದ್ರವ್ಯ ಹರಡಿದರೆ ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ತೆಳುವಾಗುತ್ತದೆ. ಆದರೂ ಸೂರ್ಯನನ್ನು ಮರೆಮಾಡಲು ಅದು ಸಾಕು. ಮೇಘ ಬಂದು ಸೂರ್ಯನನ್ನು ಸುತ್ತುವರಿಯುತ್ತದೆ, ಭೂಮಿ ಹೆಪ್ಪುಗಟ್ಟುತ್ತದೆ.

ಹಾಯ್ಲ್‌ನ ಪ್ರತಿಭೆ ಕಾಣುವುದು ಈ ವಿಪತ್ತಿನ ವರ್ಣನೆಯಲ್ಲಲ್ಲ, ಮೇಘಕ್ಕೆ ಜೀವವಿದೆ ಎಂಬುದನ್ನು ವಿಜ್ಞಾನಿಗಳು ಊಹಿಸುತ್ತ ಹೋಗುವ ಬಗೆಯಲ್ಲಿ. ಮೇಘ ಸೂರ್ಯನ ಹತ್ತಿರ ಬಂದಾಗ ಲೆಕ್ಕಕ್ಕೆ ತಪ್ಪಿ ನಿಧಾನವಾಗುತ್ತದೆ: ಅನಿಲದ ಮುದ್ದೆಗಳನ್ನು ಭಾರೀ ವೇಗದಲ್ಲಿ ಎಸೆದು ಅದು ತನ್ನ ಓಟವನ್ನು ತಡೆದುಕೊಳ್ಳುತ್ತಿರುತ್ತದೆ. ಭೂಮಿಯ ರೇಡಿಯೊ ಪ್ರಸಾರ ಶುರುವಾದಾಗಲೆಲ್ಲ ವಾತಾವರಣದ ಮೇಲ್ಪದರದ ಅಯಾನೀಕರಣ ಏರಿಳಿದು ಸಂಕೇತಗಳನ್ನು ನುಂಗುತ್ತದೆ. ಬರಿಯ ಅನಿಲಕ್ಕೆ ಇಂಥ ನಡತೆ ಇರದು ಎಂಬ ತೀರ್ಮಾನಕ್ಕೆ ನಾಯಕ ಕ್ರಿಸ್ ಕಿಂಗ್ಸ್ಲಿ ಬರುತ್ತಾನೆ. ಮೇಘದ ಮಿದುಳು ಸಂಕೀರ್ಣ ಅಣುಗಳ ಜಾಲ, ಅದರ ನರಗಳ ಕೆಲಸವನ್ನು ಮಾಡುವುದು ರೇಡಿಯೊ ತರಂಗಗಳು. ಅದು ಸೂರ್ಯನ ಬಳಿಗೆ ಬಂದದ್ದು ಹೊಟ್ಟೆ ತುಂಬಿಸಿಕೊಳ್ಳಲು, ಎಂದರೆ ಶಕ್ತಿ ಹೀರಲು.

ಸಂಭಾಷಣೆ ಆರಂಭವಾದ ಮೇಲೆ ಬೆರಗಾಗುವುದು ಮೇಘವೇ. ಗ್ರಹದ ಮೇಲೆ ಬುದ್ಧಿಯುಳ್ಳ ಜೀವಿಗಳು ಇರಬಹುದೆಂದು ಅದು ಎಣಿಸಿಯೇ ಇರುವುದಿಲ್ಲ. ಗುರುತ್ವ ದೇಹದ ಗಾತ್ರವನ್ನೂ ಅದರೊಂದಿಗೆ ಮಿದುಳನ್ನೂ ಚಿಕ್ಕದಾಗಿಸುತ್ತದೆ. ಬಿಸಿಲಿನ ಅತಿ ಸಣ್ಣ ಪಾಲು ಮಾತ್ರ ಗ್ರಹಕ್ಕೆ ದಕ್ಕುತ್ತದೆ. ಹಾಗಾಗಿ ಅದರ ಲೆಕ್ಕದಲ್ಲಿ ಜೀವಕ್ಕೆ ಸಹಜವಾದ ನೆಲೆ ಬಾಹ್ಯಾಕಾಶ, ಅಪವಾದ ಇರುವುದು ಭೂಮಿಯಲ್ಲಿ. ಇಡೀ ಪ್ರಕಾರದಲ್ಲಿ ಇದಕ್ಕಿಂತ ದಿಟ್ಟವಾದ ತಿರುವು ಇನ್ನೊಂದಿಲ್ಲ. ಮೇಘದ ಜ್ಞಾನವನ್ನು ತನ್ನ ತಲೆಗೆ ತುಂಬಿಸಿಕೊಳ್ಳಲು ಹೋದ ಕಿಂಗ್ಸ್ಲಿ ಪ್ರಾಣ ಕಳೆದುಕೊಳ್ಳುತ್ತಾನೆ. ಪಾತ್ರಚಿತ್ರಣದಲ್ಲಿ ಹಾಯ್ಲ್ ಅಷ್ಟು ಪಳಗಿದವನಲ್ಲ. ರಾಜಕಾರಣಿಗಳೆಲ್ಲ ಮೂಢರು, ವಿಜ್ಞಾನಿಗಳೆಲ್ಲ ಜಾಣರು ಎಂಬ ಧೋರಣೆ ಪುಟಪುಟದಲ್ಲೂ ಇಣುಕುತ್ತದೆ. ಮೇಘದ ಮಾತು ಬರುವ ಪುಟಗಳಿಗಾಗಿ ಇದನ್ನು ಸಹಿಸಿಕೊಳ್ಳಬಹುದು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಕಾರ್ಡ್‌ವೇನರ್ ಸ್ಮಿತ್ 1955ರ 'ದಿ ಗೇಮ್ ಆಫ್ ರ‍್ಯಾಟ್ ಅಂಡ್ ಡ್ರ್ಯಾಗನ್' ಕಥೆಯಲ್ಲಿ ನಕ್ಷತ್ರಗಳ ನಡುವಿನ ಕತ್ತಲಲ್ಲಿ ಹೊಂಚುಹಾಕುವ ಜೀವಿಗಳ ಆಕಾರವನ್ನು ಹೇಳುವುದೇ ಇಲ್ಲ. ಮನುಷ್ಯನ ಮನಸ್ಸಿಗೆ ಅವು ಘೋರ ಸರ್ಪಗಳಂತೆ ತೋರುತ್ತವೆ, ಹೋರಾಟದಲ್ಲಿ ಅವನ ಜೊತೆಗಿರುವ ಬೆಕ್ಕುಗಳಿಗೆ ಇಲಿಗಳಂತೆ. ಬೆಳಕು ತಾಕಿದರೆ ಅವು ನಾಶವಾಗುತ್ತವೆ. ಆರ್ಥರ್ ಸಿ. ಕ್ಲಾರ್ಕ್ ನಿರ್ವಾತವನ್ನು ಬಿಟ್ಟು ಗುರುಗ್ರಹದ ಮೋಡಗಳನ್ನು ಆರಿಸಿಕೊಂಡ. 1971ರ 'ಎ ಮೀಟಿಂಗ್ ವಿತ್ ಮೆಡುಸಾ' ಕಥೆಯಲ್ಲಿ ಲೋಳೆಮೀನಿನಂಥ ಬೃಹತ್ ಜೀವಿಗಳು ಅಲ್ಲಿ ತೇಲುತ್ತವೆ. 1976ರಲ್ಲಿ ಕಾರ್ಲ್ ಸೇಗನ್ ಮತ್ತು ಎಡ್ವಿನ್ ಸಾಲ್ಪೀಟರ್ ಗಂಭೀರ ಸಂಶೋಧನ ಪ್ರಬಂಧದಲ್ಲೇ ಇಂಥ ಜೀವಿಗಳ ಸಾಧ್ಯತೆಯನ್ನು ಪರಿಶೀಲಿಸಿದರು. ಅವರ ಲೆಕ್ಕದಲ್ಲಿ ತೇಲುವ ಜೀವಿ ಕಿಲೋಮೀಟರುಗಳಷ್ಟು ದೊಡ್ಡದಿರಬಹುದಿತ್ತು.

ಹಾಯ್ಲ್ ಕಾದಂಬರಿ ಬರೆಯುವಾಗ ನಕ್ಷತ್ರಗಳ ನಡುವೆ ಪತ್ತೆಯಾಗಿದ್ದದ್ದು ಎರಡೆರಡೇ ಪರಮಾಣುಗಳ ಕೆಲವು ಸರಳ ಅಣುಗಳು. ಈಗ ಅಲ್ಲಿ ಪತ್ತೆಯಾದ ಅಣುಗಳ ಸಂಖ್ಯೆ 300 ದಾಟಿದೆ. ನೀರು, ಅಮೋನಿಯಾ, ಮದ್ಯಸಾರ ಎಲ್ಲವೂ ಪಟ್ಟಿಯಲ್ಲಿವೆ. ಅಷ್ಟರಮಟ್ಟಿಗೆ ಕಾಲ ಆತನ ಪರ ನಿಂತಿದೆ. ಅಲ್ಲಿಂದ ಮುಂದೆ ಹಾಯ್ಲ್ ಬಲು ದೂರ ನಡೆದ. ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಜೊತೆ ಸೇರಿ, ಅಂತರತಾರಾ ಧೂಳಿನಲ್ಲಿ ಬ್ಯಾಕ್ಟೀರಿಯಾಗಳೇ ಇವೆ, ಭೂಮಿಗೆ ಜೀವ ಬಂದದ್ದು ಅಲ್ಲಿಂದಲೇ ಎಂದು ವಾದಿಸಿದ. ವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ, ಅದಕ್ಕೆ ಬೇಕಾದ ಪುರಾವೆಯೂ ಸಿಕ್ಕಿಲ್ಲ. ಕಥೆಯನ್ನೂ ಸಂಶೋಧನೆಯನ್ನೂ ಒಟ್ಟಿಗೆ ನಡೆಸುವ ಹಾಯ್ಲ್‌ನ ರೂಢಿ ಮಾತ್ರ ಭಾರತದಲ್ಲೂ ಮುಂದುವರಿಯಿತು: ಕೇಂಬ್ರಿಜ್‌ನಲ್ಲಿ ಆತನ ಶಿಷ್ಯರಾಗಿದ್ದ ಜಯಂತ ನಾರಳೀಕರ್ ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾವನ್ನು ಕಟ್ಟುವುದರ ಜೊತೆಗೆ ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನೂ ಬರೆದರು.