ಇಲಿಮರಿಯ ಮಿದುಳು: ಒಂದು ಸಂಶೋಧನೆಯ ವಿಮರ್ಶೆ

ಮಗುವಿನ ಬುದ್ಧಿ ಬೆಳೆಯದಿದ್ದರೆ ತಾಯಿಯ ವಂಶವನ್ನು ದೂಷಿಸುವುದು, ಇಲ್ಲವೆ ಪೂರ್ವಕರ್ಮವೆಂದು ಕೈಬಿಡುವುದು ಹನುಮಸಾಗರದಂಥ ಊರುಗಳಲ್ಲಿಯೂ ನಗರಗಳಲ್ಲಿಯೂ ಸಮಾನವಾದ ರೂಢಿ. 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದು ಈ ದೃಷ್ಟಿಯಿಂದ ವಿಚಾರಣೀಯವಾಗಿದೆ. ಅದರ ಮೊದಲ ಲೇಖಕರಾದ ಜೇಮ್ಸ್ ಕ್ಲೆಮೆಂಟ್ ಮುಂದೆ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯವನ್ನು ಮುಂದುವರಿಸಿದರು.

‘ಸಿನ್‌ಗ್ಯಾಪ್-1’ ಎಂಬ ವಂಶವಾಹಿಯು ನರಕೋಶಗಳ ಸಂಧಿಗಳಿಗೆ ಕಡಿವಾಣವಿದ್ದಂತೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಇಲಿಮರಿಯ ಸಂಧಿಗಳು ಹುಟ್ಟಿದ ಎರಡನೆಯ ವಾರದ ಹೊತ್ತಿಗೇ ಅಕಾಲದಲ್ಲಿ ಬಲಿಯುತ್ತವೆ. ಅಂಥ ಇಲಿ ಬೆಳೆದ ಮೇಲೆ ನಿಲ್ಲದೆ ಓಡಾಡುತ್ತದೆ, ಕಲಿತುದನ್ನು ನೆನಪಿಡಲಾರದು. ಪ್ರಾಯದ ಇಲಿಯಲ್ಲಿ ಅದೇ ದೋಷವನ್ನು ಉಂಟುಮಾಡಿದರೆ ಹೆಚ್ಚಿನ ಹಾನಿಯಿಲ್ಲ. ದೋಷ ಒಂದೇ, ಕಾಲ ಬೇರೆಯಾದುದರಿಂದ ಫಲವೂ ಬೇರೆ. ಪ್ರಬಂಧದ ಸತ್ತ್ವವಿರುವುದು ಇಲ್ಲಿಯೇ.

ಪ್ರಾಯದಲ್ಲಿ ದೋಷವನ್ನು ಸರಿಪಡಿಸಿದರೂ ನಡವಳಿಕೆ ಸುಧಾರಿಸದೆಂಬ ಅದರ ಇನ್ನೊಂದು ನಿರ್ಣಯ ಮಾತ್ರ ಅಂತಿಮವಲ್ಲ. 2019ರ ಅಧ್ಯಯನವೊಂದರಲ್ಲಿ ಪ್ರಾಯದ ಇಲಿಗಳ ಸ್ಮರಣೆ ಸುಧಾರಿಸಿತು. ಜಕ್ಕೂರಿನಲ್ಲಿ ಪರೀಕ್ಷಿಸಿದ ‘6-ಬಯೊ’ ಎಂಬ ರಾಸಾಯನಿಕದಿಂದ ನಡುವಯಸ್ಸಿನ ಇಲಿಗಳಿಗೂ ಪ್ರಯೋಜನವಾಯಿತು. ಆದುದರಿಂದ ‘ಕಾಲ ಮೀರಿತು’ ಎಂದು ಯಾವ ತಾಯಿಗೂ ಹೇಳುವಂತಿಲ್ಲ. ಹಾಗೆಯೇ ‘ಔಷಧ ದೊರೆಯಿತು’ ಎನ್ನುವಂತೆಯೂ ಇಲ್ಲ. ಈ ದೋಷವಿರುವ ಅನೇಕ ಮಕ್ಕಳಿಗೆ ಮಾತು ಬಾರದು. ಮಾತಿಲ್ಲದ ಇಲಿಯಲ್ಲಿ ಮಾತಿನ ಕೊರತೆಯನ್ನು ಅಳೆಯುವುದು ಹೇಗೆ?

ಮನುಷ್ಯರಲ್ಲಿ ಈ ದೋಷ ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದುದಲ್ಲ, ಮಗುವಿನಲ್ಲಿಯೇ ಹೊಸದಾಗಿ ತಲೆದೋರಿದುದು. ಹೀಗಿರುವಾಗ ಮನೆತನಕ್ಕೆ ಕಳಂಕ ಹಚ್ಚಿ ಸಂಬಂಧ ತಪ್ಪಿಸುವುದು ಅನ್ಯಾಯ. ಜ್ಞಾನಾವರಣೀಯ ಕರ್ಮದ ಹೆಸರು ಹೇಳಿ ಪರರ ಪಾಪದ ಲೆಕ್ಕ ಬರೆಯುವುದು ಶ್ರಾವಕನಿಗೆ ತಕ್ಕುದಲ್ಲ.

ಇನ್ನು ಹಿಂಸೆಯ ಪ್ರಶ್ನೆ. ಸಂಧಿಗಳನ್ನು ಪರೀಕ್ಷಿಸಲು ಮರಿಯನ್ನು ಕೊಂದು ಮಿದುಳನ್ನು ತೆಳುವಾಗಿ ಸೀಳಬೇಕಾಗುತ್ತದೆ. ಉದ್ದೇಶ ಕರುಣೆಯಾದರೂ ವಧೆ ಬುದ್ಧಿಪೂರ್ವಕವೇ. ಅದನ್ನು ಸಂಕಲ್ಪೀ ಹಿಂಸೆಯ ಲೆಕ್ಕದಿಂದ ಸುಲಭವಾಗಿ ತೆಗೆಯಲಾಗದು. 1998ರ ಸರ್ಕಾರಿ ನಿಯಮಗಳು ಪ್ರಾಣಿಪ್ರಯೋಗಕ್ಕೆ ಸಮಿತಿಯ ಅನುಮತಿಯನ್ನು ಕಡ್ಡಾಯಗೊಳಿಸಿವೆ. ಆದರೆ ಅನುಮತಿಯಿಂದ ಪಾಪ ತೊಳೆಯದು. ವೈದ್ಯಕೀಯ ಸಂಶೋಧನೆಗೆ ದಾನ ನೀಡುವ ಬಸದಿ ಟ್ರಸ್ಟುಗಳು ಎಷ್ಟು ಜೀವಗಳು ಹೋಗುವುವು, ಅನ್ಯಮಾರ್ಗವನ್ನು ಹುಡುಕಿದಿರಾ ಎಂದು ಮೊದಲು ಕೇಳಲಿ. ಜಮೆಯ ಪುಟವನ್ನಷ್ಟೇ ತೋರಿಸಿ ಖರ್ಚಿನ ಪುಟವನ್ನು ಮುಚ್ಚಿಡುವುದು ಯಾವ ಅಂಗಡಿಯಲ್ಲಿಯೂ ಸಲ್ಲದು.