ಮುಟ್ಟು ನಿಂತ ಮೇಲೆ ತಂಬಾಕು: ಕೇಳದೆ ಬಿಡುವ ಪ್ರಶ್ನೆ

ಮುಟ್ಟು ನಿಂತ ಹೆಂಗಸಿಗೆ ಹಾರ್ಮೋನ್ ಬರೆಯುವ ಮೊದಲು ವೈದ್ಯರು ಬಿ.ಪಿ. ನೋಡುತ್ತಾರೆ, ಮ್ಯಾಮೊಗ್ರಾಂ ಮಾಡಿಸಿ ಎನ್ನುತ್ತಾರೆ. ತಂಬಾಕಿನ ಮಾತು ಬಂದಾಗ ಮಾತ್ರ ಸಂಕೋಚ. ಬಸವನಗುಡಿ, ಮಲ್ಲೇಶ್ವರದ ಹಿರಿಯ ಗೃಹಿಣಿಯನ್ನು ‘ಸಿಗರೇಟು ಸೇದ್ತೀರಾ’ ಎಂದು ಕೇಳುವುದು ಅಗೌರವವೆಂದು ಆ ಪ್ರಶ್ನೆಯನ್ನೇ ದಾಟಿಬಿಡುವುದುಂಟು. ಈ ಮರ್ಯಾದೆ ಅವಳಿಗೆ ದುಬಾರಿಯಾಗುತ್ತದೆ.

ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಮೈ ಬಿಸಿಯೇರಿ ಬೆವರುವುದೂ ಹೆಚ್ಚು. ಹೊಗೆಯಲ್ಲಿನ ಟಾರು ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ಈಸ್ಟ್ರೋಜನ್ನನ್ನು ಬೇಗ ಕರಗಿಸುತ್ತದೆ. ಹಾಗಾಗಿ ನುಂಗುವ ಮಾತ್ರೆ ಸಾಲದೆ ಬರುತ್ತದೆ. ಸಾಲದೆಂದು ಡೋಸ್ ಏರಿಸಿದರೆ, ಸೇದುವುದರಿಂದಲೇ ಹೆಚ್ಚಿರುವ ಹೃದಯಾಘಾತ, ಪಾರ್ಶ್ವವಾಯುವಿನ ಭಯದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಸೇರುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್‌ಗಳಲ್ಲಿ ಈ ತೊಡಕು ಕಡಿಮೆ. ಸಿಗರೇಟು ಬಿಟ್ಟ ಮೇಲೂ ಡೋಸನ್ನು ಮತ್ತೆ ನೋಡಬೇಕು. ಇಷ್ಟೆಲ್ಲ ನಿಂತಿರುವುದು ಕೇಳದೆ ಬಿಟ್ಟ ಆ ಪ್ರಶ್ನೆಯ ಮೇಲೆ.

ಪ್ರಶ್ನೆಯೂ ನಮ್ಮೂರಿಗೆ ಒಪ್ಪುವಂತಿರಬೇಕು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 10.3ರಷ್ಟು ಹೆಂಗಸರು ತಂಬಾಕು ಬಳಸುತ್ತಾರೆ. ಸೇದುವವರು ಅವರಲ್ಲಿ ತೀರ ಕಡಿಮೆ. ಉಳಿದದ್ದು ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ. ಚಾಮರಾಜಪೇಟೆಯ ಅಜ್ಜಿ ಊಟವಾದ ಮೇಲೆ ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಚೂರನ್ನು ಚಟವೆಂದು ಎಣಿಸುವುದೇ ಇಲ್ಲ. ಅವಳ ಈಸ್ಟ್ರೋಜನ್ ಮಾತ್ರೆಗೆ ಹೊಗೆಯ ತೊಡಕು ಇರಲಿಕ್ಕಿಲ್ಲ, ಬಾಯಿ ಕ್ಯಾನ್ಸರಿನ ಭಯ ಇದ್ದೇ ಇದೆ. ‘ಎಲೆಅಡಿಕೆಗೆ ಏನು ಸೇರಿಸ್ತೀರಮ್ಮ?’ ಎಂದರೆ ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಹಾರ್ಮೋನ್ ಎಂದರೆ ಹೆದರುವುದು ಇನ್ನೊಂದು ಅತಿ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಭಾಗ ಅರ್ಧಕ್ಕೇ ನಿಂತಾಗ ಹುಟ್ಟಿದ ಭಯವಿದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ಅಡ್ಡಿಯಿಲ್ಲದ ಹೆಂಗಸಿಗೆ ಬೆವರು, ನಿದ್ದೆಗೇಡು ಕಾಡುತ್ತಿದ್ದರೆ ಲಾಭವೇ ಹೆಚ್ಚೆಂದು ಈಗಿನ ತಿಳಿವಳಿಕೆ.

ಹಾರ್ಮೋನ್ ತಂಬಾಕು ಬಿಡಿಸುವ ಔಷಧವಲ್ಲ. ಆದರೆ ಬಿಟ್ಟ ಮೊದಲ ವಾರಗಳ ಸಿಟ್ಟು, ಚಡಪಡಿಕೆ, ನಿದ್ದೆ ಬಾರದ ರಾತ್ರಿಗಳು ಮುಟ್ಟು ನಿಲ್ಲುವ ಕಾಲದವುಗಳಂತೆಯೇ ಇರುತ್ತವೆ. ಎರಡೂ ಒಟ್ಟಿಗೆ ಬಂದಾಗ ಅವಳು ಮತ್ತೆ ಹೊಗೆಸೊಪ್ಪಿಗೆ ಕೈಹಾಕಿದರೆ ಮನಸ್ಸು ಗಟ್ಟಿಯಿಲ್ಲವೆಂದು ಮನೆಯವರು ದೂರುವುದು ಅನ್ಯಾಯ. ನಿಮ್ಹಾನ್ಸ್‌ನ ತಂಬಾಕು ಮುಕ್ತಿ ಸಹಾಯವಾಣಿ, 1800-11-2356, ಕನ್ನಡದಲ್ಲೇ ಮಾತಾಡುತ್ತದೆ. ಸ್ತ್ರೀರೋಗ ತಜ್ಞರು ಹಾರ್ಮೋನ್ ಚೀಟಿಯ ಮೇಲೇ ಆ ಸಂಖ್ಯೆಯನ್ನು ಬರೆದುಕೊಡಬೇಕು, ಮುಂದಿನ ಭೇಟಿಯಲ್ಲಿ ಫೋನು ಮಾಡಿದಿರಾ ಎಂದು ವಿಚಾರಿಸಬೇಕು.